ರಬ್ಬರಿಲ್ಲದ ಮನೆ

ಈ ಅಧ್ಯಾಯವನ್ನು ನಾನು ಹಿಂದೆ ಒಮ್ಮೆ ಬರೆದು ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದ್ದೇನೆ. ಚೆನ್ನಾಗಿ ಬಂದಿತ್ತು. ಓದಿದವರು ಕಣ್ಣೀರು ಬಂತೆಂದು ಕಾಗದ ಬರೆದರು. ಅದರಲ್ಲಿ ಒಬ್ಬ ಅಜ್ಜಿ ಇದ್ದಳು, ಒಬ್ಬ ಕಲ್ಲೆದೆಯ ಅಪ್ಪ ಇದ್ದರು, ನಡುವೆ ಒಂದು ಪುಸ್ತಕವಿತ್ತು. ಕೊನೆಯಲ್ಲಿ ಅಪ್ಪ ಆ ಪುಸ್ತಕ ಮುಚ್ಚುತ್ತಿದ್ದರು, ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದಳು, ಮತ್ತೆಂದೂ ನಮ್ಮ ಜೊತೆ ಪ್ರಾರ್ಥನೆಗೆ ಕೂರುತ್ತಿರಲಿಲ್ಲ. ಕಳೆದ ತಿಂಗಳು ಮದ್ದೂರಿನಲ್ಲಿ, ತಂಗಿಯ ಮನೆಯ ವರಾಂಡದಲ್ಲಿ, ಬಣ್ಣ ಹೊಡೆಸಲೆಂದು ಹೊರಗಿಟ್ಟಿದ್ದ ಸಾಮಾನುಗಳ ನಡುವೆ ಕೂತಿದ್ದಾಗ ಆ ಬರಹ ನನ್ನ ಕೈಯಲ್ಲೇ ಮುರಿದುಬಿತ್ತು. ಅವತ್ತಿನಿಂದ ನನಗೆ ನನ್ನ ಬಾಲ್ಯದ ಯಾವ ಕೋಣೆಗೂ ಧೈರ್ಯವಾಗಿ ಕಾಲಿಡಲು ಆಗುತ್ತಿಲ್ಲ. ಗೋಡೆ ಇದೆ ಎಂದು ಒರಗಿದರೆ ಗೋಡೆ ಇರುವುದಿಲ್ಲವೇನೋ ಎನ್ನಿಸುತ್ತದೆ. ಆದರೂ ಮತ್ತೆ ಬರೆಯುತ್ತಿದ್ದೇನೆ. ಈ ಸಲ ಖಾತ್ರಿ ಇದ್ದದ್ದನ್ನು ಖಾತ್ರಿ ಎಂದೂ, ಇಲ್ಲದ್ದನ್ನು ಇಲ್ಲವೆಂದೂ ಹೇಳುತ್ತ ಹೋಗುತ್ತೇನೆ.

ಮನೆಯ ಬಗ್ಗೆ ಖಾತ್ರಿ ಇದೆ. ಕಾವೇರಿ ಜಲಪಾತದ ಬಳಿಯ ಬ್ಲಫ್‌ನಲ್ಲಿ ವಿದ್ಯುತ್ ಕೇಂದ್ರದ ನೌಕರರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ನಮ್ಮದು ಕೊನೆಯದು. ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ಬಚ್ಚಲು. ನೆಲಕ್ಕೆ ಕೆಂಪು ಸಿಮೆಂಟು. ಕೆಳಗೆ ಕಣಿವೆಯಲ್ಲಿದ್ದ ಪವರ್‌ಹೌಸಿನ ಗುಂಯ್ ಎನ್ನುವ ಸದ್ದು ಹಗಲೂ ಇರುಳೂ ನೆಲದೊಳಗಿಂದ ಬರುತ್ತಿತ್ತು. ಅದು ಅಪ್ಪಿತಪ್ಪಿ ನಿಂತರೆ ಒಲೆಯ ಮುಂದಿದ್ದ ಅವ್ವ ಹಿಟ್ಟಿನ ಕೋಲು ಹಿಡಿದುಕೊಂಡೇ ಬಾಗಿಲಿಗೆ ಬಂದು ಕೆಳಗೆ ನೋಡುತ್ತಿದ್ದಳು. ಮುಂದಿನ ಕೋಣೆಯಲ್ಲಿ ಒಂದು ಬೆಂಚು, ಒಂದು ಗೂಡು. ಗೂಡಿನಲ್ಲಿ ಅಜ್ಜಿಯ ಹಳೆಯ ಸತ್ಯವೇದ, ಕನ್ನಡದ ಬೈಬಲ್ಲು. ಅದರ ಹಾಳೆಗಳು ಹೊಗೆ ಕುಡಿದು ಕಾಫಿಪುಡಿಯ ಬಣ್ಣಕ್ಕೆ ತಿರುಗಿದ್ದವು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೂ ಆ ಪುಸ್ತಕವನ್ನು ಬೇರೆ ಯಾರಾದರೂ ಕೆಳಗಿಳಿಸಿದರೆ ಅವಳಿಗೆ ಗೊತ್ತಾಗಿಬಿಡುತ್ತಿತ್ತು.

ಅಪ್ಪ ಆ ಪವರ್‌ಹೌಸಿನಲ್ಲಿ ಆಪರೇಟರು. ಇಳಿಜಾರಿನ ಹಳಿಯ ಮೇಲೆ ಓಡುವ ಟ್ರಾಲಿಯಲ್ಲಿ ಕೆಳಗಿಳಿದು ಹೋಗಿ ಎಂಟು ಗಂಟೆ ಪಾಳಿ ಮುಗಿಸಿ ಬರುತ್ತಿದ್ದರು. ಅವರ ಕೆಲಸ ಏನೆಂದು ಕೇಳಿದರೆ ನಾವು ಮಕ್ಕಳು ‘ಕರೆಂಟು ಮಾಡೋದು’ ಎನ್ನುತ್ತಿದ್ದೆವು. ಅವರು ‘ಬರೆಯೋದು’ ಎನ್ನುತ್ತಿದ್ದರು. ಗಂಟೆಗೊಮ್ಮೆ ಮೀಟರುಗಳ ಮುಂದೆ ನಿಂತು ಲೋಡು ಎಷ್ಟು, ನೀರಿನ ಮಟ್ಟ ಎಷ್ಟು, ಬೇರಿಂಗು ಎಷ್ಟು ಕಾದಿದೆ ಎಂದು ಲಾಗ್ ಪುಸ್ತಕದಲ್ಲಿ ನಮೂದಿಸಬೇಕು. ಒಂದು ಸಲ ನನ್ನನ್ನು ಕೆಳಗೆ ಕರೆದುಕೊಂಡು ಹೋಗಿ ಆ ಪುಸ್ತಕ ತೋರಿಸಿದ್ದರು. ಒಂದು ಕಡೆ ಅಂಕಿಯ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬೇರೆ ಅಂಕಿ, ಅವರ ಸಹಿ, ಗಂಟೆ.

‘ತಪ್ಪು ಬರ್ದೆ. ಒಂದೇ ಗೆರೆ ಎಳ್ದೆ. ಕೆಳಗಿರೋದು ಇನ್ನೂ ಕಾಣ್ತಾ ಇದ್ಯಾ?’

‘ಕಾಣ್ತದೆ.’

‘ಕಾಣ್ಬೇಕು. ಉಜ್ಜಿ ಅಳಿಸ್ದೋನು ಕಳ್ಳ.’

ಇನ್ನೊಂದು ನಿಯಮವನ್ನೂ ಅವತ್ತೇ ಹೇಳಿದರು. ಆ ಗಂಟೆಗೆ ಬರೆಯಲು ಮರೆತುಹೋಯಿತು ಎನ್ನಿ, ಅಥವಾ ಗಡಿಬಿಡಿಯಲ್ಲಿ ಆಗಲಿಲ್ಲ. ಆಮೇಲೆ ಬರೆಯಬಹುದು. ಆದರೆ ಆ ಗಂಟೆಯಲ್ಲೇ ಬರೆದ ಹಾಗೆ ನಟಿಸುವಂತಿಲ್ಲ. ‘ತಡವಾದ ನಮೂದು’ ಎಂದು ಹಾಕಬೇಕು, ಬರೆದ ಗಂಟೆ ಹಾಕಬೇಕು, ಆ ಹೊತ್ತಿನಲ್ಲಿ ಅಲ್ಲಿದ್ದು ನೋಡಿದವರ ಸಹಿ ಹಾಕಿಸಬೇಕು. ಈ ಕಾನೂನು ಟ್ರಾಲಿ ಹತ್ತಿ ನಮ್ಮ ಮನೆಗೂ ಬಂದಿತ್ತು. ನಮ್ಮ ಮನೆಯಲ್ಲಿ ರಬ್ಬರ್ ಇರಲಿಲ್ಲ. ಶಾಲೆಯ ಮಕ್ಕಳೆಲ್ಲ ಪೆನ್ಸಿಲಿನ ತಲೆಗೆ ರಬ್ಬರು ಸಿಕ್ಕಿಸಿಕೊಂಡು ಬರುತ್ತಿದ್ದರೆ ನಾನೂ ನನ್ನ ತಂಗಿ ಸುಗುಣಳೂ ಲೆಕ್ಕದ ಪುಸ್ತಕದ ತುಂಬ ಗೆರೆ ಎಳೆದು, ಪಕ್ಕದಲ್ಲಿ ಪುಟ್ಟ ಸಹಿ ಹಾಕಿ ಮೇಷ್ಟರ ಕೈಯಲ್ಲಿ ಬೈಸಿಕೊಳ್ಳುತ್ತಿದ್ದೆವು.

ಅಪ್ಪ ಬೆಳಗಿನ ಪಾಳಿಯಲ್ಲಿದ್ದ ವಾರಗಳಲ್ಲಿ ಸಂಜೆ ಏಳಕ್ಕೆ ಹತ್ತು ನಿಮಿಷವಿರುವಾಗ ಪ್ರಾರ್ಥನೆ. ಓದುವ ಸರದಿ ನನ್ನದು. ಅಪ್ಪನ ನಿಯಮ ಇಲ್ಲೂ ಒಂದೇ: ಅಚ್ಚಾಗಿದ್ದನ್ನೆಲ್ಲ ಓದಬೇಕು, ಒಂದಕ್ಷರ ಹಾರಿಸಬಾರದು. ನಾನು ಅದನ್ನು ಎಷ್ಟು ಶ್ರದ್ಧೆಯಿಂದ ಪಾಲಿಸುತ್ತಿದ್ದೆನೆಂದರೆ ಅಧ್ಯಾಯದ ಸಂಖ್ಯೆ, ವಚನದ ಸಂಖ್ಯೆ, ತಲೆಬರಹ ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದೆ. ಓದು ಮುಗಿಯದೆ ಊಟವಿಲ್ಲ. ಒಳಗೆ ಮುದ್ದೆ ಬುಟ್ಟಿಯಲ್ಲಿ ಬೆವರುತ್ತಿರುತ್ತಿತ್ತು.

‘ಪುಟದ ನಂಬರ್ನೂ ಓದ್ಬುಡು, ಅದ್ಯಾಕೆ ಬುಟ್ಟೆ,’ ಎಂದು ಅವ್ವ ಅಡುಗೆಮನೆಯಿಂದ ಕೂಗುತ್ತಿದ್ದಳು. ‘ನಿಮ್ ಕಾವೇರಿ ನಿಂತ್ರೂ ನಿಮ್ ಓದು ನಿಲ್ಲಾಕಿಲ್ಲ.’

ಶನಿವಾರ ಮಾತ್ರ ಏನು ಓದಬೇಕೆಂದು ಅಜ್ಜಿ ನಿರ್ಧರಿಸುತ್ತಿದ್ದಳು. ಅವಳು ಯಾವತ್ತೂ ಕೇಳುತ್ತಿದ್ದುದು ಒಂದೇ ಕತೆ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಕೊನೆಯದರಲ್ಲಿ ಬರುವ ಕತೆ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದಳೆಂದು ಒಬ್ಬ ಹೆಂಗಸನ್ನು ಎಳೆದು ತಂದು ಯೇಸುವಿನ ಮುಂದೆ ನಿಲ್ಲಿಸುತ್ತಾರೆ, ಕಲ್ಲೆಸೆದು ಕೊಲ್ಲಬೇಕಲ್ಲವೇ ಎಂದು ಕೇಳುತ್ತಾರೆ. ಅವನು ಬಗ್ಗಿ ನೆಲದ ಮೇಲೆ ಬೆರಳಿನಿಂದ ಏನೋ ಬರೆಯುತ್ತಾನೆ. ನಿಮ್ಮಲ್ಲಿ ಪಾಪ ಮಾಡದವನು ಮೊದಲ ಕಲ್ಲು ಎಸೆಯಲಿ ಎನ್ನುತ್ತಾನೆ. ಒಬ್ಬೊಬ್ಬರಾಗಿ ಎಲ್ಲರೂ ಹೋಗಿಬಿಡುತ್ತಾರೆ. ನಾನು ಓದುತ್ತಿದ್ದರೆ ಅಜ್ಜಿಯ ತುಟಿ ನನಗಿಂತ ಅರ್ಧ ಮಾತು ಮುಂದೆ ಹೋಗುತ್ತಿತ್ತು. ಬರೆಯುವ ಜಾಗ ಬಂದಾಗ ಅವಳೂ ಬಗ್ಗಿ ಕೆಂಪು ಸಿಮೆಂಟಿನ ಮೇಲೆ ಬೆರಳಾಡಿಸುತ್ತಿದ್ದಳು. ಕತೆ ಮುಗಿದ ಮೇಲೆ ಪುಸ್ತಕದಲ್ಲಿಲ್ಲದ ತನ್ನ ಮಾತೊಂದನ್ನು ಸೇರಿಸುತ್ತಿದ್ದಳು.

‘ಓಗವ್ವ ಮನೆಗೆ. ಉಸಾರು.’

ಒಮ್ಮೆ ನಾನು ಕೇಳಿದ್ದೆ, ಅವನು ನೆಲದ ಮೇಲೆ ಏನು ಬರೆದ ಎಂದು.

‘ಏನೂ ಬರೀನಿಲ್ಲ ಕಣ್ ಮಗ. ಅದು ನೆಪ. ಎಲ್ರೂ ಆ ಎಂಗ್ಸಿನ ಮೊಕಾನೇ ನೋಡ್ತಿದ್ರಲ್ಲ, ತಾನಾದ್ರೂ ನೋಡ್ಬಾರ್ದು ಅಂತ ತಲೆ ಬಗ್ಗಿಸ್ದ.’

ಅಜ್ಜಿಗೆ ಇದು ಹೇಗೆ ಗೊತ್ತು ಎಂದು ನಾನು ಕೇಳಲಿಲ್ಲ. ಗೊತ್ತಾದದ್ದು ಅವ್ವನಿಂದ, ಬೇಳೆ ಆರಿಸುತ್ತ ಹೇಳಿದ ಮಾತುಗಳಲ್ಲಿ, ತುಂಡು ತುಂಡಾಗಿ. ಅಜ್ಜಿಯ ಮೊದಲ ಹೆಸರು ಚಿಕ್ಕತಾಯಿ. ದುದ್ದದ ಕಡೆಯ ಒಂದು ಹಳ್ಳಿ. ಅದರ ಹೆಸರನ್ನು ಅವಳು ಯಾರಿಗೂ ಹೇಳಲಿಲ್ಲ. ಗಂಡ ಸತ್ತಾಗ ಅಪ್ಪ ಇನ್ನೂ ಸೊಂಟದ ಮೇಲಿನ ಕೂಸು. ವರ್ಷ ತುಂಬುವುದರೊಳಗೆ ಊರಿನವರು ಅವಳ ಮೇಲೆ ಒಂದು ಮಾತು ಹೊರಿಸಿ, ಚಾವಡಿಯ ಕಂಬಕ್ಕೆ ಕಟ್ಟಿ, ಸುತ್ತ ನಿಂತರು. ಯಾರು ಏನು ಎಸೆದರು, ಎಷ್ಟು ಹೊತ್ತು ಎಸೆದರು ಎಂಬುದು ಅವಳ ಎಡಗಿವಿಯ ಹಿಂದಿನ ಗೆರೆಗೆ ಮಾತ್ರ ಗೊತ್ತಿತ್ತು. ಕಟ್ಟು ಬಿಚ್ಚಿದ ಮೇಲೆ ಕೂಸನ್ನು ಎತ್ತಿಕೊಂಡು ನಡೆದು ಮಂಡ್ಯ ಸೇರಿದಳು. ಅಲ್ಲಿ ಕ್ರೈಸ್ತ ಸಭೆಯ ಕೆಲಸಕ್ಕೆಂದು ಮನೆ ಮನೆ ತಿರುಗುತ್ತಿದ್ದ ಹೆಂಗಸೊಬ್ಬಳು ಅವಳಿಗೆ ಈ ಕತೆ ಹೇಳಿದಳು. ಎಲ್ಲಿ ಹೇಳಿದಳು ಎನ್ನುವುದಕ್ಕೆ ನನ್ನ ಬಳಿ ಎರಡು ಪಾಠಗಳಿವೆ. ಒಂದರಲ್ಲಿ ಊರ ಹೊರಗಿನ ಬಾವಿಕಟ್ಟೆ, ಇನ್ನೊಂದರಲ್ಲಿ ಆಸ್ಪತ್ರೆಯ ವರಾಂಡ. ಎರಡನ್ನೂ ಅಜ್ಜಿಯೇ ಹೇಳಿದ್ದೆಂದು ನನ್ನ ನೆನಪು. ಎರಡರಲ್ಲೂ ಆಮೇಲಿನದು ಒಂದೇ. ಬಾವಿಗೆ ಹಾರಬೇಕೆಂದಿದ್ದವಳು ಹಾರಲಿಲ್ಲ. ‘ಅಂಗಾದ್ರೆ ನನ್ನಂತೋಳು ಇನ್ನೊಬ್ಳು ಇದ್ಲು’ ಎಂದಳಂತೆ. ದೀಕ್ಷಾಸ್ನಾನವಾಯಿತು. ಮಾರ್ತಮ್ಮ ಎಂದು ಹೆಸರಿಟ್ಟರು. ಸತ್ಯವೇದದ ಉಳಿದ ಸಾವಿರ ಪುಟಗಳು ಅವಳಿಗೆ ಈ ಒಂದು ಪುಟದ ಹಿಂದೆ ಮುಂದೆ ಇದ್ದ ರಟ್ಟಿನ ಹಾಗೆ.

ಆ ವರ್ಷ ಮಳವಳ್ಳಿಯಿಂದ ಬರುತ್ತಿದ್ದ ಪಾದ್ರಿ ಅಯ್ಯನವರು ಸತ್ಯವೇದದ ವಚನ ಬಾಯಿಪಾಠದ ಸ್ಪರ್ಧೆ ನಡೆಸಿದರು. ನಾನು ಗೆದ್ದೆ. ನನಗೆ ಹತ್ತು ವರ್ಷ. ಬಹುಮಾನವೆಂದು ಕೊಟ್ಟದ್ದು ಹೊಸ ಸತ್ಯವೇದ. ಹೊಸ ಅನುವಾದ, ಬಿಳಿ ಹಾಳೆ, ಕಪ್ಪು ರಟ್ಟು, ಮೊದಲ ಪುಟದಲ್ಲಿ ನನ್ನ ಹೆಸರು: ಪ್ರೇಮ. ಶನಿವಾರ ಬರುವವರೆಗೆ ಅದನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದೆ. ಶನಿವಾರ ಅಜ್ಜಿಯ ಕತೆಯನ್ನು ನನ್ನ ಪುಸ್ತಕದಿಂದ ಓದುತ್ತೇನೆಂದು ಹಟ ಹಿಡಿದೆ. ಕತೆಯ ಮೊದಲಿಗೂ ಕೊನೆಗೂ ಚೌಕ ಕಂಸವಿತ್ತು. ಅದೇನೆಂದು ತಿಳಿಯದೆ ಹಾಗೇ ಓದಿದೆ. ಅಜ್ಜಿ ನೆಲದ ಮೇಲೆ ಬೆರಳಾಡಿಸಿದಳು. ಕೊನೆಯ ವಚನ ಮುಗಿಯಿತು. ‘ಓಗವ್ವ ಮನೆಗೆ, ಉಸಾರು’ ಎಂದಳು. ಆದರೆ ಪುಟದಲ್ಲಿ ಅಚ್ಚಾದದ್ದು ಇನ್ನೂ ಮುಗಿದಿರಲಿಲ್ಲ. ಕೆಳಗೆ ಇರುವೆ ಸಾಲಿನಂಥ ಸಣ್ಣಕ್ಷರದಲ್ಲಿ ಎರಡು ಸಾಲಿದ್ದವು. ಒಂದಕ್ಷರ ಹಾರಿಸಬಾರದು. ಓದಿದೆ. ಬಹಳ ಹಳೆಯ ಕೈಬರಹದ ಪ್ರತಿಗಳಲ್ಲಿ ಈ ಭಾಗ ಇಲ್ಲ, ಕೆಲವು ಪ್ರತಿಗಳಲ್ಲಿ ಬೇರೆ ಕಡೆ ಇದೆ ಎಂಬ ಅರ್ಥದ ಎರಡು ಸಾಲು. ಬಹುಮಾನ ಗೆದ್ದ ದನಿಯಲ್ಲೇ ಓದಿದೆ.

ಅಪ್ಪ ತಲೆ ಎತ್ತಿದರು.

‘ಏನದು ಕಡೇಲಿ ಓದಿದ್ದು?’

‘ಕೆಳಗೆ ಸಣ್ಣಕ್ಷರದಲ್ಲಿ ಐತೆ ಅಪ್ಪ.’

‘ಇನ್ನೊಂದ್ಸಲ ಓದು.’

ಇನ್ನೊಂದು ಸಲ ಓದಿದೆ. ಈ ಸಲ ನನಗೂ ಅರ್ಥವಾಯಿತು. ಅರ್ಥವಾದದ್ದು ಬಾಯಲ್ಲಿದ್ದಾಗಲೇ, ನುಂಗಲೂ ಆಗದೆ, ಉಗುಳಲೂ ಆಗದೆ.

‘ಏನಂತ್ಲಾ ದಾಸ?’ ಅಜ್ಜಿ ಅಪ್ಪನನ್ನು ಕೇಳಿದಳು. ದೇವದಾಸ ಎಂಬ ಹೆಸರು ಅವಳ ಬಾಯಲ್ಲಿ ಯಾವಾಗಲೂ ದಾಸ.

ಅಪ್ಪ ಸುಳ್ಳು ಹೇಳಬಹುದಿತ್ತು. ಬೇರೆ ಯಾವ ಮನೆಯಲ್ಲಾದರೂ ಹೇಳುತ್ತಿದ್ದರು.

‘ಈ ಕತೆ ತುಂಬ ಹಳೇ ಪ್ರತಿಗಳಲ್ಲಿ ಇಲ್ವಂತೆ ಕಣವ್ವ. ಆಮ್ಯಾಕೆ ಯಾರೋ ಸೇರ್ಸಿರ್ಬೇಕಂತೆ.’

‘ಇಲ್ವಂತಾ?’

‘ಇಲ್ವಂತೆ.’

‘ಅಂಗಂದೋರು ಯಾರು?’

‘ಹಳೇ ಪ್ರತಿಗಳ ನೋಡ್ದೋರು.’

‘ಅವ್ರು ಅಲ್ಲಿದ್ರಾ?’

ಅಪ್ಪ ಮತ್ತೆ ಆ ಸಣ್ಣಕ್ಷರದ ಮೇಲೆ ಬಗ್ಗಿದರು.

‘ಇರ್ನಿಲ್ಲ ತಾನೆ?’ ಅಜ್ಜಿ ಎಂದಳು. ‘ನಾನಿದ್ದೆ.’

‘ಅಜ್ಜಿ, ನೀನು ಯೇಸುಸ್ವಾಮಿ ಕಾಲದೋಳಾ?’ ಎಂದು ಸುಗುಣ ಕಿಸಕ್ಕನೆ ನಕ್ಕಳು. ಅವಳಿಗೆ ಆರು ವರ್ಷ. ಯಾರೂ ನಗಲಿಲ್ಲ. ಅವ್ವ ಸೌಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸೌಟಿನಿಂದ ಉಪ್ಸಾರು ನೆಲಕ್ಕೆ ತೊಟ್ಟಿಕ್ಕುತ್ತಿದ್ದುದು ಅವಳಿಗೆ ಕಾಣಲಿಲ್ಲ. ಯಾವ ತೊಟ್ಟನ್ನೂ ನೆಲದಲ್ಲಿ ಬಿಡದ ಹೆಂಗಸು.

ಅಪ್ಪ ಎದ್ದು ಗೂಡಿನಿಂದ ಅಜ್ಜಿಯ ಹಳೆಯ ಪುಸ್ತಕ ಇಳಿಸಿದರು. ಎರಡನ್ನೂ ಬೆಂಚಿನ ಮೇಲೆ ಬಿಡಿಸಿಟ್ಟು, ಎರಡು ಪಾಳಿಗಳ ಲಾಗ್ ಹಾಳೆ ತಾಳೆ ನೋಡುವ ಹಾಗೆ ಬೆರಳಿಟ್ಟು ಸಾಲು ಸಾಲಾಗಿ ನೋಡಿದರು. ಹಳೆಯದರಲ್ಲಿ ಕಂಸವಿಲ್ಲ, ಸಣ್ಣಕ್ಷರವಿಲ್ಲ, ಸಂಶಯವಿಲ್ಲ.

‘ನಮ್ಮದು ಹಳೇದು, ಇದ್ರಲ್ಲಿ ಐತಲ್ಲ,’ ಎಂದಳು ಅವ್ವ.

‘ಹಳೇದು ಅಂದ್ರೆ ಇದಲ್ಲ,’ ಎಂದರು ಅಪ್ಪ. ‘ಯಾವ್ದ ನೋಡ್ಕೊಂಡು ಬರ್ದವ್ರೆ ಅನ್ನೋದು ಮುಖ್ಯ. ಇದು ಆಮ್ಯಾಲಿನ್ದ ನೋಡ್ಕೊಂಡು ಬರ್ದಿರೋದು.’

ಅಜ್ಜಿ ಎದ್ದು ಅಡುಗೆಮನೆಗೆ ಹೋಗಿ ಹೊಸಿಲಿನ ಒಳಗಡೆ ಕೂತಳು. ಅವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ಸಂಜೆ ಪ್ರಾರ್ಥನೆಗೆ ಬರಲಿಲ್ಲ. ನಾನು ಕಾರಣ. ಯಾರೂ ನನ್ನನ್ನು ಬೈಯಲಿಲ್ಲ, ಅದೇ ಭಯಂಕರವಾಗಿತ್ತು. ಹತ್ತು ವರ್ಷದ ಹುಡುಗಿ ಎರಡು ಸಾಲು ಓದಿ, ಬಾವಿಯಿಂದ ಹಿಂದೆ ಬಂದಿದ್ದ ಹೆಂಗಸನ್ನು ಮತ್ತೆ ಬಾವಿಯ ಕಟ್ಟೆಗೆ ಕಳಿಸಿದ್ದಳು. ನಮ್ಮ ಹಿಂದಿನ ಸಾಲಿನವರ ಬಾವಿಯ ಹತ್ತಿರ ಅಜ್ಜಿ ಹೋದಳೆಂದರೆ ಸಾಕು, ನಾನು ಕೊಡ ಎತ್ತಿಕೊಂಡು ಹಿಂದೆಯೇ ಓಡುತ್ತಿದ್ದೆ. ಇದು ಖಾತ್ರಿ. ನನ್ನ ಬಲಗಾಲಿನ ಹೆಬ್ಬೆರಳಿನಲ್ಲಿ ಆ ಕೊಡ ಬಿದ್ದ ಗುರುತು ಇನ್ನೂ ಇದೆ.

ಪಾದ್ರಿ ಅಯ್ಯನವರು ಮನೆಗೆ ಬಂದದ್ದೂ ಖಾತ್ರಿ. ಅಪ್ಪ ಅವರಿಗೆ ಹೇಳಿಕಳಿಸಿದ್ದರು. ಅವ್ವ ಮುದ್ದೆ ಬಡಿಸಿದಳು. ಒಂದು ತುತ್ತು ಮುರಿಯುವ ಮೊದಲೇ ಅಪ್ಪ ಪುಟ ಬಿಡಿಸಿ ಅವರ ಮುಂದೆ ಹಿಡಿದರು.

‘ಇದು ಅಡಿಟಿಪ್ಪಣಿ ದೇವದಾಸ್. ಇದನ್ನೆಲ್ಲ ಓದಬಾರದು. ಇದು ದೇವರ ವಾಕ್ಯ ಅಲ್ಲ.’

‘ಓದಬಾರದು ಅಂದ್ರೆ ಅಚ್ಚು ಹಾಕ್ಸಿದ್ದು ಯಾಕೆ ಅಯ್ಯನೋರೇ? ನಮ್ ಲಾಗಲ್ಲಿ ಅಂಚಿನಲ್ಲಿ ಬರ್ದಿರೋದ್ನೇ ಮೊದ್ಲು ಓದ್ತೀವಿ. ತೊಂದ್ರೆ ಇರೋದು ಅಲ್ಲೇ.’

ಅಯ್ಯನವರು ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿದರು. ಒಳ್ಳೆಯ ಮನುಷ್ಯ. ಸೈಕಲ್ಲಿನಲ್ಲಿ ಮಳವಳ್ಳಿಯಿಂದ ಬರುತ್ತಿದ್ದವರು.

‘ನಮಗೆ ಇದನ್ನ ಹೇಳಿಕೊಟ್ಟಿದ್ದರು,’ ಎಂದರು. ‘ಓದೋ ಕಾಲದಲ್ಲೇ. ಮೊದಲು ಬರೆದ ಪ್ರತಿ ಯಾವುದೂ ಈಗ ಇಲ್ಲ. ಇರೋದೆಲ್ಲ ನಕಲು, ನಕಲಿನ ನಕಲು. ಒಂದಕ್ಕೊಂದು ಸಾವಿರಾರು ಕಡೆ ಹೊಂದೋದಿಲ್ಲ, ಹೆಚ್ಚಿನವು ಸಣ್ಣ ವ್ಯತ್ಯಾಸ. ಇದು ದೊಡ್ಡದು. ಹೇಳಿಕೊಟ್ಟಿದ್ದರು. ಸಭೆಯಲ್ಲಿ ಹೇಳಬೇಡಿ ಅಂತಾನೂ ಹೇಳಿಕೊಟ್ಟಿದ್ದರು.’

‘ಹಂಗಾದ್ರೆ ನಿಮಗೆ ಗೊತ್ತಿತ್ತು.’

‘ಗೊತ್ತಿತ್ತು.’

‘ನಮ್ಮವ್ವನ ಮುಂದೆ ಎಷ್ಟು ವರ್ಷ ಇದ್ನ ಓದಿದ್ರಿ!’

ಅಪ್ಪನ ಮುಖದಲ್ಲಿ ನಾನು ಕಂಡದ್ದು ಸಿಟ್ಟಲ್ಲ. ಕೆಳಗೆ ಯಂತ್ರದ ಸದ್ದು ನಿಂತಾಗ ಅವ್ವನ ಮುಖದಲ್ಲಿ ಕಾಣುತ್ತಿದ್ದಂಥದು. ಅಡುಗೆಮನೆಯ ಹೊಸಿಲಿನ ಆಚೆ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಯ್ಯನವರು ಹೊರಟಾಗ ಅವ್ವನಿಗೆ ಅವಳು ಹೇಳಿದ್ದು ಇಷ್ಟೇ:

‘ಪಾಪ, ಆ ಅಯ್ಯ ಅರ್ಧ ಮುದ್ದೇಲೇ ಎದ್ರಲ್ಲ. ಇನ್ನೊಂಚೂರು ಸಾರು ಬುಡ್ಬಾರ್ದಿತ್ತಾ?’

ನನ್ನ ಹಳೆಯ ಬರಹ ಇಲ್ಲಿಂದ ನೇರವಾಗಿ ಕೊನೆಗೆ ಹೋಗುತ್ತದೆ. ಮುಂದಿನ ಶನಿವಾರ ನಾನು ಅಜ್ಜಿಯ ಪುಟ ತೆರೆಯುತ್ತೇನೆ, ಅಪ್ಪ ಕೈ ಚಾಚಿ ಪುಸ್ತಕ ಮುಚ್ಚುತ್ತಾರೆ, ‘ಮೂಲದಲ್ಲಿ ಇಲ್ಲದ್ದನ್ನ ಈ ಮನೇಲಿ ಓದೋದಿಲ್ಲ’ ಎನ್ನುತ್ತಾರೆ, ಅಜ್ಜಿ ಹೊಸಿಲ ಮೇಲಿಂದ ಎದ್ದು ಒಳಗೆ ಹೋಗುತ್ತಾಳೆ. ಈ ಚಿತ್ರ ನನ್ನ ತಲೆಯಲ್ಲಿ ಫೋಟೋದಷ್ಟು ಸ್ಪಷ್ಟ. ಅಪ್ಪನ ಅಂಗೈ ಪುಟದ ಮೇಲೆ ಬೀಳುವ ಸದ್ದೂ ಕೇಳಿಸುತ್ತದೆ. ಅಪ್ಪನಿಗೂ ನನಗೂ ನಡುವೆ ಆಮೇಲಿನ ವರ್ಷಗಳಲ್ಲಿ ಬೆಳೆದ ಮೌನಕ್ಕೆಲ್ಲ ನಾನು ಈ ಚಿತ್ರವನ್ನೇ ಆಧಾರವಾಗಿ ಇಟ್ಟುಕೊಂಡಿದ್ದೆ. ಹೆತ್ತ ತಾಯಿಗಿಂತ ಕಾಗದವನ್ನು ದೊಡ್ಡದು ಮಾಡಿದ ಮನುಷ್ಯ. ಅವರೊಡನೆ ಯಾವ ವಾದಕ್ಕೆ ಕೂತರೂ ಮನಸ್ಸಿನಲ್ಲಿ ಮೊದಲು ಆ ಅಂಗೈ ಬರುತ್ತಿತ್ತು. ಅದು ಬಂದ ಮೇಲೆ ವಾದ ಬೇಕಾಗುತ್ತಿರಲಿಲ್ಲ.

ಆ ಎರಡು ಸಾಲು ನನ್ನನ್ನೂ ಬಿಡಲಿಲ್ಲ. ಕಾಲೇಜಿನಲ್ಲಿ, ಆಮೇಲೆ ಕೆಲಸದ ನಡುವೆ, ಸಿಕ್ಕಿದ ಗ್ರಂಥಾಲಯದಲ್ಲೆಲ್ಲ ಆ ಕತೆಯ ಬೆನ್ನು ಹತ್ತಿದೆ. ಅಯ್ಯನವರು ಹೇಳಿದ್ದು ನಿಜ. ಸುವಾರ್ತೆಗಳು ನಡೆದ ಸಂಗತಿಗಳಿಗಿಂತ ಹಲವು ದಶಕಗಳ ಆಮೇಲೆ ಬರೆದವು ಎಂದು ಬಲ್ಲವರು ಹೇಳುತ್ತಾರೆ. ಬರೆದವರ ಕೈಯ ಪ್ರತಿ ಒಂದೂ ಉಳಿದಿಲ್ಲ. ಅಜ್ಜಿಯ ಕತೆ ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. ಕೆಲವದರಲ್ಲಿ ಮನೆ ಸಿಗದ ಬಡವಳ ಹಾಗೆ ಬೇರೊಂದು ಸುವಾರ್ತೆಯಲ್ಲಿ ಹೋಗಿ ಕೂತಿದೆ. ಕೆಲವು ನಕಲುಗಾರರು ಅದನ್ನು ಬರೆದೂ ಪಕ್ಕದಲ್ಲಿ ಸಂಶಯದ ಗುರುತು ಹಾಕಿದ್ದಾರೆ. ಹೆಂಡಂದಿರಿಗೆ ಸಲಿಗೆ ಸಿಕ್ಕೀತೆಂದು ಹೆದರಿ ಯಾರೋ ಗಂಡಸರೇ ಅದನ್ನು ಕಿತ್ತುಹಾಕಿರಬೇಕೆಂದು ಪ್ರಾಚೀನ ಕಾಲದ ಸಭೆಯ ಹಿರಿಯನೊಬ್ಬ ಊಹಿಸಿದ್ದನಂತೆ. ಹಾಗಲ್ಲ, ಬಾಯಿಂದ ಬಾಯಿಗೆ ಬಂದ ಬಹಳ ಹಳೆಯ ಕತೆಯೇ ಇರಬಹುದು, ಪುಸ್ತಕಕ್ಕೆ ತಡವಾಗಿ ಬಂತು ಎನ್ನುವವರೂ ಇದ್ದಾರೆ. ನೆಲದ ಮೇಲೆ ಏನು ಬರೆದ ಎಂಬುದಕ್ಕೆ ಹತ್ತಾರು ಊಹೆಗಳನ್ನು ಓದಿದೆ. ಅವುಗಳಲ್ಲಿ ಅಜ್ಜಿ ಹೇಳಿದಷ್ಟು ನನಗೆ ಒಪ್ಪಿಗೆಯಾದದ್ದು ಒಂದೂ ಇರಲಿಲ್ಲ. ಆದರೆ ಅದನ್ನು ಹೇಳಿಕೊಳ್ಳಲು ಅಜ್ಜಿ ಇರಲಿಲ್ಲ, ಅಪ್ಪನ ಬಳಿ ಹೇಳಲು ನನಗೆ ಮನಸ್ಸಿರಲಿಲ್ಲ. ಅದರ ಬದಲು ಬರಹ ಬರೆದು ಪತ್ರಿಕೆಗೆ ಕಳಿಸಿದೆ. ಅಪ್ಪ ಆಗ ನಿವೃತ್ತರಾಗಿ ಮದ್ದೂರಿನಲ್ಲಿ ಸುಗುಣಳ ಮನೆಯಲ್ಲಿದ್ದರು. ಭೂತಗನ್ನಡಿ ಹಿಡಿದು ಪೂರ್ತಿ ಓದಿದರು. ನಾನು ಎದುರಿಗೇ ಇದ್ದೆ. ಪೆಟ್ಟು ಎಲ್ಲಿ ಬೀಳುತ್ತದೆಂದು ಮುಖ ನೋಡುತ್ತಿದ್ದೆ.

‘ಅಚ್ಚು ಚೆನ್ನಾಗಿ ಬಂದದೆ ಮಗ,’ ಎಂದರು. ಮಡಿಸಿ ಪಕ್ಕಕ್ಕಿಟ್ಟರು. ‘ಎಷ್ಟು ಗಂಟೇಲಿ ಅಂತ ಬರ್ದಿಲ್ವಲ್ಲ.’

ಅಷ್ಟೇ. ಮುದುಕ ಇನ್ನೂ ಲಾಗ್ ಪುಸ್ತಕದಿಂದ ಹೊರಗೆ ಬಂದಿಲ್ಲ ಎಂದುಕೊಂಡು ಬಸ್ಸು ಹತ್ತಿದೆ. ಅವರು ತೀರಿಕೊಂಡಾಗಲೂ ನನ್ನ ಕಣ್ಣಿನಲ್ಲಿ ಹೆಚ್ಚು ನೀರು ಬರಲಿಲ್ಲ.

ಈಗ ಮದ್ದೂರು. ಸುಗುಣಳ ಗಂಡ ಗೆಜ್ಜಲಗೆರೆಯ ಕಾರ್ಖಾನೆಯಲ್ಲಿದ್ದು ನಿವೃತ್ತನಾದವನು. ಮನೆಗೆ ತಾನೇ ನಿಂತು ಬಣ್ಣ ಹೊಡೆಸುತ್ತಿದ್ದ. ಬೆಳಗಿನ ಹನ್ನೊಂದರ ಬಿಸಿಲು. ವರಾಂಡದ ತುಂಬ ಪಾತ್ರೆ, ಟ್ರಂಕು, ದೇವರ ಚಿತ್ರಗಳು. ಸುಗುಣ ಒಂದು ಟ್ರಂಕಿನೊಳಗೆ ಕೈ ಹಾಕಿ, ಅಪ್ಪನ ಹಳೆಯ ಪಂಚೆಯಲ್ಲಿ ಸುತ್ತಿದ್ದ ಗಂಟೊಂದನ್ನು ನನ್ನ ಮಡಿಲಿಗೆ ಹಾಕಿದಳು.

‘ತಗ, ನಿನ್ ಬಹುಮಾನ. ಎಷ್ಟು ಸಲ ತಗೊಂಡೋಗು ಅಂದಿವ್ನಿ.’

ಕಪ್ಪು ರಟ್ಟಿನ ಪುಸ್ತಕ. ಮದುವೆಯಾಗಿ ಹೊರಟಾಗ ನಾನು ಬೇಕೆಂದೇ ಬಿಟ್ಟುಹೋದದ್ದು.

‘ನೀನು ಬರ್ದಿದ್ದ ಓದಿದ್ದೆ ಕಣಕ್ಕ,’ ಎಂದಳು. ‘ಅಪ್ಪನ್ನ ಯಾಕಂಗೆ ಮಾಡ್ದೆ?’

‘ಹೆಂಗೆ?’

‘ಪುಸ್ತಕ ಮುಚ್ಚಿದ್ರು ಅಂತ. ಅಪ್ಪ ಎಲ್ಲಿ ಮುಚ್ಚಿದ್ರು?’

‘ಮುಚ್ಚಿದ್ರು ಕಣೆ. ನಾನೇ ಓದ್ತಿದ್ದೆ. ನಿಂಗೆ ಆರು ವರ್ಷ, ನಿಂಗೇನು ನೆನಪಿರ್ತದೆ?’

‘ಸರಿ ಬುಡು, ನಂಗೇನೂ ನೆನಪಿಲ್ಲ. ಪುಟ ತೆಗ್ದು ನೋಡು.’

ತೆಗೆದೆ. ಪುಸ್ತಕ ತಾನಾಗಿಯೇ ಆ ಪುಟಕ್ಕೆ ಬಿಚ್ಚಿಕೊಂಡಿತು. ಒಂದೇ ಕಡೆ ಬಹಳ ಸಲ ತೆರೆದ ಪುಸ್ತಕಗಳು ಬಿಚ್ಚಿಕೊಳ್ಳುವ ಹಾಗೆ. ಚೌಕ ಕಂಸಗಳು ಇದ್ದ ಹಾಗೇ ಇದ್ದವು. ಕೆಳಗಿನ ಸಣ್ಣಕ್ಷರದ ಎರಡು ಸಾಲೂ ಇದ್ದವು, ಅವುಗಳ ಮೇಲೆ ಯಾರೂ ಗೆರೆ ಎಳೆದಿರಲಿಲ್ಲ. ಪಕ್ಕದ ಅಂಚಿನಲ್ಲಿ ಅಪ್ಪನ ನೆಟ್ಟಗಿನ ಅಕ್ಷರ:

‘ಶನಿವಾರ, ಸಂಜೆ ೬.೫೦. ಅತಿ ಹಳೆಯ ಪ್ರತಿಗಳಲ್ಲಿ ಇಲ್ಲ. ತಡವಾದ ನಮೂದು. ಕಂಡವರು ಹಾಜರಿದ್ದು ಹೇಳಿದ್ದಾರೆ. ಓದತಕ್ಕದ್ದು.’

ಅದರ ಕೆಳಗೆ ಅಪ್ಪನ ಸಹಿ. ಅದರ ಪಕ್ಕ ನೇರಳೆ ಮಸಿಯ ಹೆಬ್ಬೆಟ್ಟು. ಎಡಗೈಯದು, ಅಗಲವಾದದ್ದು, ಕುಡುಗೋಲು ತಾಕಿದ ಅಡ್ಡಗೆರೆ ಇರುವಂಥದು. ಮಾರ್ತಮ್ಮ ಎಂದು ಅಪ್ಪ ಅದರ ಸುತ್ತ ಬರೆದಿದ್ದರು, ಪಕ್ಕದಲ್ಲಿ ಸಣ್ಣದಾಗಿ ಚಿಕ್ಕತಾಯಿ ಎಂದೂ. ಅದರ ಕೆಳಗೆ ಇನ್ನೊಂದು ಸಾಲು. ‘ಓದಿದವಳು’ ಎಂದು. ಅದರ ಮುಂದೆ ಪೆನ್ಸಿಲಿನಲ್ಲಿ, ಲೆಕ್ಕದ ಪುಸ್ತಕದಲ್ಲಿ ಸಾವಿರ ಸಲ ಹಾಕಿ ಪಳಗಿದ ಪುಟ್ಟ ಸಹಿ. ನನ್ನದು.

ನನ್ನ ಕಿವಿಯಲ್ಲಿ ಗುಂಯ್ ಎನ್ನುವುದು ನಿಂತುಹೋಯಿತು. ಬ್ಲಫ್ ಬಿಟ್ಟು ಎಷ್ಟೋ ದಶಕಗಳಾಗಿದ್ದವು. ಅಷ್ಟು ದಿನವೂ ಆ ಸದ್ದು ಒಳಗೆ ಎಲ್ಲೋ ಇತ್ತೆಂದು ಅದು ನಿಂತಾಗಲೇ ತಿಳಿದದ್ದು.

‘ಇದು ಯಾವಾಗ?’ ಎಂದೆ.

‘ಅದೇ ಮುಂದಿನ್ ಶನಿವಾರ. ಅಪ್ಪ ಆಫೀಸಿಂದ ಮಸಿ ಪ್ಯಾಡು ತಂದಿದ್ರು. ಅಜ್ಜೀನ ಕರ್ದು, ನೀನು ಕಂಡಿದ್ದ ಹೇಳವ್ವ, ನಾನು ಬರ್ಕೊತೀನಿ ಅಂದ್ರು. ಅಜ್ಜಿ ಹೇಳಿದ್ಲು, ಕಂಬದ್ದು, ಎಲ್ಲಾನೂ. ನಮ್ಮೂರ ಎಸ್ರು ಮಾತ್ರ ಏಳಾಕಿಲ್ಲ ಅಂದ್ಲು. ಆಮ್ಯಾಕೆ ನಿನ್ ಕೈಲಿ ಕತೆ ಓದ್ಸಿದ್ರು. ಅಜ್ಜಿ ಹೆಬ್ಬೆಟ್ಟು ತೊಳ್ಕೊಳ್ದೆ ಹಂಗೇ ಮುದ್ದೆ ತಿಂದ್ಲು. ಅವ್ವ ಬೈದ್ಲು. ಅದು ನೆನಪಿಲ್ವಾ ನಿಂಗೆ?’

ಇಲ್ಲ. ಏನೂ ಇಲ್ಲ. ಅಲ್ಲೇ ಕೂತು ಹುಡುಕಿದೆ. ಮಸಿಯ ವಾಸನೆ, ಅಜ್ಜಿಯ ದನಿ, ಕಂಬದ ಕತೆ. ಅದನ್ನು ಅಜ್ಜಿಯ ಬಾಯಲ್ಲೇ ಕೇಳಿದ್ದೇನೆಯೇ? ಹಾಗಾದರೆ ಅವ್ವ ಬೇಳೆ ಆರಿಸುತ್ತ ಹೇಳಿದ್ದು ಏನು? ಸುಗುಣ ಹೇಳಿದ ಕೂಡಲೇ ನೇರಳೆ ಬಣ್ಣದ ಹೆಬ್ಬೆರಳು ಮುದ್ದೆ ಮುರಿಯುವುದು ಕಣ್ಣಿಗೆ ಬಂತು. ಬಂದದ್ದು ನೆನಪೋ, ಈಗ ಮಾಡಿಕೊಂಡದ್ದೋ? ಅಂಗೈ ಪುಟದ ಮೇಲೆ ಬೀಳುವ ಸದ್ದು ಮಾತ್ರ ಈಗಲೂ ಕೇಳಿಸುತ್ತದೆ. ಅದು ಬಹುಶಃ ಪುಟ ಮುಚ್ಚಿದ ಕೈಯಲ್ಲ, ಬರೆಯಲೆಂದು ಪುಟವನ್ನು ಒತ್ತಿ ಹಿಡಿದ ಕೈ. ಬಹುಶಃ. ಅಜ್ಜಿ ಅಲ್ಲಿರದಿದ್ದರೂ ‘ನಾನಿದ್ದೆ’ ಎಂದಿದ್ದಳು, ಅವಳ ಮಾತು ನಿಂತಿತು. ನಾನು ಅಲ್ಲೇ ಇದ್ದೆ, ಸಹಿ ಹಾಕಿದ್ದೆ, ಮತ್ತು ಅದೆಲ್ಲ ನಡೆಯಲೇ ಇಲ್ಲವೆಂಬಂತೆ ಅಚ್ಚು ಹಾಕಿಸಿದ್ದೆ. ಎಷ್ಟು ಗಂಟೆ ಎಂದು ಬರೆದಿಲ್ಲವಲ್ಲ ಎಂದು ಅಪ್ಪ ಕೇಳಿದಾಗ ಈ ಪುಸ್ತಕ ಅದೇ ಮನೆಯಲ್ಲಿ, ನಾಲ್ಕು ಮಾರು ದೂರದ ಟ್ರಂಕಿನಲ್ಲಿತ್ತು. ಎದ್ದು ತಂದು ತೋರಿಸಬಹುದಿತ್ತು. ತೋರಿಸಲಿಲ್ಲ. ನಾನೇ ಕೇಳಲಿ ಎಂದು ಕಾದರೋ ಏನೋ. ನಾನು ಬಸ್ಸಿಗೆ ಹೊತ್ತಾಯಿತೆಂದೆ.

ಬಣ್ಣದವನು ಏಣಿ ಸರಿಸಲು ದಾರಿ ಕೇಳಿದ. ಸುಗುಣ ಎದ್ದು ಹೋಗಿ ಟ್ರಂಕಿನ ತಳದಿಂದ ಆ ಹಳೆಯ ಪತ್ರಿಕೆಯನ್ನೂ ತಂದಳು. ಅಪ್ಪ ಅದನ್ನೂ ಎತ್ತಿಟ್ಟಿದ್ದರು. ನನ್ನ ಬರಹದ ಮೇಲೆ ಒಂದು ಗುರುತೂ ಇರಲಿಲ್ಲ. ಬೇರೆಯವರ ಪಾಳಿಯ ಹಾಳೆಯನ್ನು ಅವರು ತಿದ್ದುತ್ತಿರಲಿಲ್ಲ.

ಕೈಚೀಲದಿಂದ ಪೆನ್ನು ತೆಗೆದೆ. ಅಪ್ಪ ಪುಸ್ತಕ ಮುಚ್ಚಿದರು ಎಂಬ ಸಾಲಿನ ಮೇಲೆ ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು, ಆದರೆ ಒಂದೇ ಗೆರೆ. ಕೆಳಗಿನ ಸುಳ್ಳು ಚೆನ್ನಾಗಿಯೇ ಕಾಣುತ್ತಿತ್ತು. ಗಡಿಯಾರ ನೋಡಿ ಪಕ್ಕದಲ್ಲಿ ೧೧.೨೦ ಎಂದು ಬರೆದು ಸಹಿ ಹಾಕಿದೆ. ತಡವಾದ ನಮೂದು ಎಂದು ಬರೆದು ಪೆನ್ನನ್ನು ಸುಗುಣಳ ಕಡೆ ಚಾಚಿದೆ.

‘ನಂದ್ಯಾಕೆ?’ ಎಂದಳು. ‘ಆರು ವರ್ಷದೋಳ್ಗೆ ಏನು ನೆನಪಿರ್ತದೆ ಅಂದ್ಯಲ್ಲ?’

‘ಹಾಕೇ,’ ಎಂದೆ. ‘ನೀನಿದ್ದೆ.’